ಬಾವಲಿಯನ್ನು ಬಟ್ಟೆ ಎಂದವನು

ಪರದೆ ಅಂಗಡಿಯ ಮೀಟರಣ್ಣನಿಗೆ ಆ ಹೆಸರು ಬಂದದ್ದು ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪಿನಿಂದ. ವಯಸ್ಸು ಚಿಕ್ಕದು, ಸಂಬಳ ಅದಕ್ಕಿಂತ ಚಿಕ್ಕದು, ಜಂಬ ಮಾತ್ರ ಥಾನುಗಟ್ಟಲೆ. ಕಣ್ಣು ಮುಚ್ಚಿ, ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅದರ ಜಾತಕವನ್ನೇ ಬಿಚ್ಚಿಡಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅರ್ಧಕ್ಕರ್ಧ ತಪ್ಪೇ ಹೇಳುತ್ತಿದ್ದ. ಗಿರಾಕಿಗಳಿಗೂ ಬಟ್ಟೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಕೀರ್ತಿಗೇನೂ ಕುಂದು ಬಂದಿರಲಿಲ್ಲ.

ಅವತ್ತು ಬೆಳಿಗ್ಗೆ ಕಾಲೇಜಿನ ಮೇಡಂ ಒಬ್ಬರು ಮಗಳ ಜೊತೆ ಬಂದಿದ್ದರು. ಮಗಳು ಅವನತ್ತ ನೋಡಿ ಒಂದು ಸಲ ನಕ್ಕಳು. ಬಹುಶಃ ಟೇಪು ನೋಡಿ ನಕ್ಕಿದ್ದಳು. ಇವನಿಗೆ ಅಷ್ಟೇ ಸಾಕಾಯಿತು.

"ಬಟ್ಟೇನ ನಾನು ನೋಡೋದೇ ಬೇಡ ಮೇಡಂ" ಎಂದವನೇ ಕಣ್ಣು ಮುಚ್ಚಿ, ಸಾಲಾಗಿ ತೂಗುಹಾಕಿದ್ದ ಪರದೆಗಳ ಮೇಲೆ ಕೈಯಾಡಿಸುತ್ತ ಹೋದ. "ಇದು ಹತ್ತಿ. ಇದು ಲಿನನ್. ಇದು..." ಬೆರಳಿಗೆ ತೆಳ್ಳಗೆ, ಮೆತ್ತಗೆ, ತುಸು ಬೆಚ್ಚಗೆ ಏನೋ ಸಿಕ್ಕಿತು. "ಆಹಾ! ಇದು ಹೊರದೇಶದ ಮಾಲು ಮೇಡಂ. ಒಳ್ಳೆ ಬೆಣ್ಣೆ ಮುಟ್ಟಿದ ಹಾಗಿದೆ."

ಹೊರದೇಶದ ಮಾಲು ಕಚ್ಚಿತು.

ಕಂದು ಮಖಮಲ್ಲಿನ ಮಡಿಕೆಯಲ್ಲಿ ತಲೆಕೆಳಗಾಗಿ ನೇತುಕೊಂಡಿದ್ದ ಬಾವಲಿ ದೊಪ್ಪನೆ ನೆಲಕ್ಕೆ ಬಿದ್ದು ತೆವಳತೊಡಗಿತು. ಮೇಡಂ ಮಗಳನ್ನು ಎಳೆದುಕೊಂಡು ಬೀದಿ ಸೇರಿದರು. ಮಾಲೀಕರು ಗಲ್ಲಾ ಬಿಟ್ಟು ಓಡಿಬಂದರು.

"ತೂತು ಬಿತ್ತೇನೋ?"

"ಸಣ್ಣದು ಸಾರ್. ಬೆರಳಿಗೆ."

"ನಾನು ಕೇಳಿದ್ದು ಪರದೆ ವಿಷಯ!"

ಮೀಟರಣ್ಣ ಶೌರ್ಯ ತೋರಿಸಲು ಬಗ್ಗಿ ಬಾವಲಿಗೆ ಕೈ ಹಾಕುವಷ್ಟರಲ್ಲಿ, ಒಳಗಿನ ಮೆಷಿನ್ನಿನಿಂದ ಎದ್ದುಬಂದ ಹೊಲಿಗೆ ಅಕ್ಕ ಅಂಗಿ ಹಿಡಿದು ಎಳೆದಳು. "ಏಯ್, ಇನ್ನೊಂದು ಕೈಗೂ ಕಚ್ಚಿಸ್ಕೋಬೇಕಾ? ಮುಟ್ಬೇಡ! ಹಾಡುಹಗಲು ನೆಲದ ಮೇಲೆ ತೆವಳ್ತಿದೆ ಅಂದ್ರೆ ಅದಕ್ಕೆ ಹುಷಾರಿಲ್ಲದೇ ಇರಬಹುದು."

ಹಿಂದೊಮ್ಮೆ ಅವಳ ತಂಗಿ ಮಲಗಿದ್ದ ಕೋಣೆಗೆ ಬಾವಲಿ ನುಗ್ಗಿತ್ತು. ನಿದ್ದೆಯಲ್ಲಿದ್ದವರಿಗೆ ಅದು ಕಚ್ಚಿದರೂ ತಿಳಿಯದಿರಬಹುದು, ಕೂಡಲೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಇಡೀ ಮನೆಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಅಕ್ಕನ ತಿಳಿವಳಿಕೆಯೆಲ್ಲ ಆ ಬೈಗುಳದ್ದೇ. ಬಾವಲಿಯ ಮೇಲೆ ರಟ್ಟಿನ ಡಬ್ಬ ಬೋರಲು ಹಾಕಿ, ಅಡಿಯಲ್ಲಿ ಇನ್ನೊಂದು ರಟ್ಟು ತೂರಿಸಿ, ಅಂಟುಟೇಪು ಸುತ್ತಿದಳು. ಆಮೇಲೆ ಮೀಟರಣ್ಣನನ್ನು ನಲ್ಲಿಯಡಿ ನಿಲ್ಲಿಸಿ, ಹದಿನೈದು ನಿಮಿಷ ಸೋಪು ಹಚ್ಚಿ ಕೈ ತೊಳೆಸಿದಳು.

"ಹೂಂ, ಈಗ ಕ್ಲಿನಿಕ್ಕಿಗೆ ಹೊರಡು."

"ಹೋಗಿ ಏನಂತ ಹೇಳ್ಲಿ ಅಕ್ಕ? ಬಾವಲಿನ ಬಟ್ಟೆ ಅಂತ ಮಾರೋಕೆ ಹೋದೆ ಅಂತಲಾ? ಊರೆಲ್ಲ ನಗುತ್ತೆ. ರಕ್ತಾನೂ ಬಂದಿಲ್ಲ. ಗುಂಡುಸೂಜಿ ಚುಚ್ತು ಅಂದ್ಕೊಂಡ್ರಾಯ್ತು ಬಿಡು."

ಮಾಲೀಕರಿಗೆ ಈ ಮಾತು ಬಹಳ ಹಿಡಿಸಿತು. "ಗುಂಡುಸೂಜಿನೇ. ನಾನೂ ನೋಡ್ದೆ."

"ಗಾಯ ಸಣ್ಣದು ಅಂತ ರೋಗ ವಾಪಸ್ ಹೋಗುತ್ತೇನೋ? ರೇಬೀಸ್ ಲಕ್ಷಣ ಒಂದ್ಸಲ ಶುರುವಾದ್ರೆ ಬದುಕಿಸೋಕೆ ಆಗಲ್ಲವಂತೆ. ಮೊದಲೇ ಚುಚ್ಚಿಸ್ಕೊಂಡ್ರೆ ಮಾತ್ರ ಉಳಿಗಾಲ. ಇಷ್ಟರ ಮೇಲೂ ಹೋಗಲ್ಲ ಅಂದ್ರೆ ನಿಮ್ಮಮ್ಮಂಗೆ ಈಗಲೇ ಫೋನ್ ಮಾಡ್ತೀನಿ, ನಿನ್ನ ಮಗ ನಾಚ್ಕೊಂಡು ಸಾಯ್ತಾನಂತೆ ಅಂತ."

ಸಾವಿಗೆ ಹೆದರದ ಗಂಡು ಅಮ್ಮನ ಹೆಸರು ಕೇಳಿದ್ದೇ ಚಪ್ಪಲಿ ಮೆಟ್ಟಿ ಹೊರಟ.

ಕ್ಲಿನಿಕ್ಕಿನಲ್ಲಿ ಬೆಂಚಿನ ತುಂಬ ಜನ. ನರ್ಸಮ್ಮ ಅವನ ಕೈ ತಿರುಗಿಸಿ ನೋಡಿದರು. ದಿನವೂ ಗುಂಡುಸೂಜಿ ಚುಚ್ಚಿಸಿಕೊಂಡ ಬೆರಳ ತುದಿಗಳು ಜರಡಿಯಾಗಿದ್ದವು.

"ಇದರಲ್ಲಿ ಯಾವುದಪ್ಪ? ಹೇಗಾಯ್ತು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಮೀಟರಣ್ಣ ಅದನ್ನು ನುಂಗಿ, ನಡೆದದ್ದನ್ನೆಲ್ಲ ಹೇಳಿದ, ಬೆಣ್ಣೆಯನ್ನೂ ಬಿಡದೆ. ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ ಅಜ್ಜನಿಗೆ ನಕ್ಕೂ ನಕ್ಕೂ ಕೆಮ್ಮು ಹೆಚ್ಚಾಯಿತು.

ಡಾಕ್ಟರು ಮಾತ್ರ ನಗಲಿಲ್ಲ. "ಬಾವಲಿ ಇದೆಯಾ? ಪರೀಕ್ಷೆಗೆ ಕಳಿಸಬಹುದು."

ಮೀಟರಣ್ಣ ಹೆಮ್ಮೆಯಿಂದ ಅಂಗಡಿಗೆ ಫೋನು ಮಾಡಿದ.

"ಹಾರಿಹೋಯ್ತಲ್ಲೋ" ಎಂದರು ಮಾಲೀಕರು. "ಮಖಮಲ್ಲಿನ ದಾರ ಏನಾದ್ರೂ ಕಚ್ಕೊಂಡಿದೆಯಾ ಅಂತ ಡಬ್ಬ ತೆಗೆದು ನೋಡ್ದೆ."

"ಹಾಗಾದ್ರೆ ಯೋಚನೆ ಮಾಡೋದೇ ಇಲ್ಲ, ಪೂರ್ತಿ ಕೋರ್ಸ್" ಎಂದರು ಡಾಕ್ಟರು. ತೋಳಿಗೆ ಒಂದು ಇಂಜೆಕ್ಷನ್. ಕಚ್ಚಿದ ಜಾಗಕ್ಕೆ ಬೇರೆ. ಆ ಜಾಗ ಹೆಬ್ಬೆರಳಿನದೋ ತೋರುಬೆರಳಿನದೋ ಖಚಿತವಾಗದ ಕಾರಣ ಎರಡಕ್ಕೂ. ಊರಿಗೆಲ್ಲ ಬಟ್ಟೆಯ ಜಾತಕ ಹೇಳುತ್ತಿದ್ದ ಜೋಡಿ ಬೆರಳು ಬದನೆಕಾಯಿಯಂತೆ ಊದಿಕೊಂಡಿತು.

ಮುಂದಿನ ಡೋಸಿನ ದಿನ ನರ್ಸಮ್ಮ ಕ್ಲಿನಿಕ್ಕಿನ ಬೀಗ ತೆಗೆಯಲು ಬಂದಾಗ ಅವನು ಆಗಲೇ ಮೆಟ್ಟಿಲ ಮೇಲೆ ಕೂತಿದ್ದ.

"ಇಷ್ಟು ಬೇಗ ಯಾಕಪ್ಪ ಬಂದೆ?"

"ಆಮೇಲೆ ಬೆಂಚು ತುಂಬಿಬಿಡುತ್ತೆ ಸಿಸ್ಟರ್" ಎಂದು ಅಂಗಿಯ ತೋಳು ಮಡಚತೊಡಗಿದ.