ವ್ಯಾನಿನೊಳಗೆ ಉಳಿದ ಬೀಗದ ಕೈ

ವರ್ನಾ ಕ್ವೇಫ್ ಪೋರ್ಟ್ ಅಗಸ್ಟಾದ ರೈಲ್ವೆ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು. ಗಂಡ ಕ್ಲೆಮ್ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡ. ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಒಂದು ಕೈಯಲ್ಲಿ ತಿಂಡಿ, ಮುಖದ ತುಂಬ 'ಅಯ್ಯೋ ಪಾಪ' ಹೊತ್ತು ತರುತ್ತಿದ್ದರು. ಅವಳಿಗೆ ಅದು ಸಾಕಾಗಿಹೋಗಿತ್ತು. ಮನೆ ಮಾರಿ, ಹಳೇ ವ್ಯಾನೊಂದನ್ನು ಕೊಂಡು, ಹಿಂದೆ ಹಾಸಿಗೆ, ಒಲೆ ಕೂರಿಸಿಕೊಂಡು ಹೊರಟಳು. ಇನ್ನು ಯಾರ ಹಂಗೂ ಬೇಡ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಮೂರು ವರ್ಷ ಹಾಗೇ ಕಳೆದಳು.

ನಮ್ಮ ಕಡೆ ಚಳಿಗಾಲವಾದ ಜೂನ್ ತಿಂಗಳಲ್ಲಿ ಅವಳು ನಮ್ಮೂರು ಸ್ಟ್ರೀಕಿ ಬೇಯ ಹೊರಗೆ, ಸಮುದ್ರದ ಮೇಲಿನ ದಿಬ್ಬದಲ್ಲಿ ಬಿಡಾರ ಹೂಡಿದ್ದಳು. ಅಲ್ಲಿದ್ದ ಇನ್ನೊಂದು ಬಿಡಾರವೆಂದರೆ ಸ್ಪಿರೋ ಎಂಬ ಮುದುಕನ ಹಳೇ ಬಸ್ಸು. ಗ್ರೀಕರವನು, ನಲವತ್ತು ವರ್ಷ ಮೀನುದೋಣಿಯಲ್ಲಿ ದುಡಿದವನು. ಮೊದಲ ಸಂಜೆಯೇ ಬಕೆಟ್ಟಿನಲ್ಲಿ ನಾಲ್ಕು ಮೀನು ಹಿಡಿದು ಬಂದಿದ್ದ.

"ಬೇಡ, ನನ್ನ ಊಟ ನನಗಿದೆ," ಎಂದು ವರ್ನಾ ಬಾಗಿಲು ಎಳೆದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಚಹಾದ ಚರಟ ಚೆಲ್ಲಲು ಕೆಳಗಿಳಿದಳು. ವ್ಯಾನು ಇಳಿಜಾರಿನಲ್ಲಿ ನಿಂತಿತ್ತು. ಜಾರುಬಾಗಿಲು ತಾನೇ ಸರಿದು ಕಟಕ್ಕೆಂದು ಮುಚ್ಚಿಕೊಂಡಿತು. ರಾತ್ರಿ ಒತ್ತಿದ್ದ ಬೀಗದ ಗುಂಡಿಯನ್ನು ಅವಳು ಎತ್ತಿರಲಿಲ್ಲ. ಬೀಗದ ಕೈ, ಫೋನು, ಕೋಟು ಎಲ್ಲ ಒಳಗೆ. ಮೈಮೇಲೆ ರಾತ್ರಿಯ ಉಡುಪು, ಕಾಲಿಗೆ ಕ್ಲೆಮ್‌ನ ಕಾಲುಚೀಲ.

ಗಾಳಿಗೆಂದು ನಾಲ್ಕು ಬೆರಳಷ್ಟು ತೆರೆದಿದ್ದ ಕಿಟಕಿಯಿಂದ ನೋಡಿದರೆ ಬೀಗದ ಕೈ ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅರ್ಧ ಗಂಟೆ ಕಡ್ಡಿ ತುರುಕಿ ನೋಡಿದಳು. ಇನ್ನರ್ಧ ಗಂಟೆ ವ್ಯಾನಿನ ಮರೆಯಲ್ಲಿ ಮುದುಡಿ ಕೂತಳು. ಹಲ್ಲು ಕಟಕಟ ಎನ್ನತೊಡಗಿದಾಗ ಎದ್ದು ಹೋಗಿ ಬಸ್ಸಿನ ಬಾಗಿಲು ತಟ್ಟಿದಳು.

"ಏನಮ್ಮಾ, ಹೊಸ ಫ್ಯಾಷನ್ನಾ?" ಎಂದ ಸ್ಪಿರೋ.

"ನಗಬೇಡಿ. ಬೀಗದ ಕೈ ಒಳಗೇ ಉಳ್ಕೊಂಡಿದೆ."

"ನಾನೆಲ್ಲಿ ನಕ್ಕೆ? ನನ್ನ ಮೀಸೇನೇ ಹಂಗಿರೋದು." ತನ್ನ ಕೋಟು ತೆಗೆದು ಅವಳಿಗೆ ಕೊಟ್ಟು, ತೆಳ್ಳನೆಯ ಗಾಳದ ಕೋಲೊಂದನ್ನು ಹಿಡಿದು ಬಂದ.

ಗಾಳದ ಕೋಲನ್ನು ಕಿಟಕಿಯಲ್ಲಿ ತೂರಿಸಿದ್ದೇ ತಡ, ಅದರ ತುದಿ ಗಾಜಿಗೆ ಟಕಟಕ ಬಡಿಯಿತು. "ಹಾಳು ಗಾಳಿ," ಎಂದ. ಗಾಳಿ ಇರಲೇ ಇಲ್ಲ. ವರ್ನಾ ಅವನ ಕೈ ನೋಡಿದಳು. ಎರಡೂ ಕೈ ನಡುಗುತ್ತಿದ್ದವು. ಕೋಲನ್ನು ತಾನೇ ತೆಗೆದುಕೊಂಡಳು.

"ಆತುರ ಬೇಡ," ಅವನು ಅವಳ ಹೆಗಲ ಹಿಂದೆ ನಿಂತು ಹೇಳಿಕೊಟ್ಟ. "ಕೆಳಗಿಂದ ಬಾ... ಇನ್ನೊಂಚೂರು ಎಡಕ್ಕೆ... ಹಾಂ, ಈಗ ಎತ್ತು. ನಿಧಾನ ಕಣಮ್ಮಾ, ಅದೇನು ಓಡಿಹೋಗಲ್ಲ!"

ಐದನೇ ಸಲಕ್ಕೆ ಬೀಗದ ಕೈ ಕೊಕ್ಕೆಗೆ ಸಿಕ್ಕು ಹೊರಗೆ ಬಂತು. ಇಬ್ಬರೂ ಮಕ್ಕಳಂತೆ ಕೂಗಿದರು.

ಆಮೇಲೆ ಅವಳು ಚಹಾ ಮಾಡಿ, ಅವನ ಲೋಟಕ್ಕೆ ಅರ್ಧ ಮಾತ್ರ ತುಂಬಿದಳು. ಸ್ಪಿರೋ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ.

"ನಿನ್ನೆ ಮೀನು ತಂದಿದ್ದು ನಿಮಗೆ ಕೊಡೋಕಲ್ಲ," ಎಂದ. "ಚಾಕು ಹಿಡಿಯೋಕೆ ಆಗ್ತಿಲ್ಲ. ಸ್ವಲ್ಪ ಹೆಚ್ಚಿಕೊಡ್ತೀರಾ ಅಂತ ಕೇಳೋಣ ಅಂತ ಬಂದಿದ್ದೆ."

"ಮತ್ತೆ ಕೇಳಬಾರ್ದಿತ್ತಾ ಮಹರಾಯ?"

"ನೀವು ಕೇಳೋಕೆ ಬಿಡಲಿಲ್ಲ. ಅಲ್ಲದೆ ನನಗೂ ಬಾಯಿ ಬರಲಿಲ್ಲ."

"ಆ ಮೀನೇನಾಯ್ತು?"

"ಕಡಲಹಕ್ಕಿಗಳಿಗೆ ಹಬ್ಬ ಆಯ್ತು."

ವರ್ನಾಳಿಗೆ ನಗು ಬರಲಿಲ್ಲ. ಮೂರು ವರ್ಷದಲ್ಲಿ ಎಷ್ಟು ಜನರ ಮುಖಕ್ಕೆ ಹೀಗೆ ಬಾಗಿಲು ಎಳೆದಿದ್ದೇನೋ, ಅವರಲ್ಲಿ ಎಷ್ಟು ಜನ ಕೊಡಲು ಬಂದವರು, ಎಷ್ಟು ಜನ ಕೇಳಲು ಬಂದವರು ಎಂದು ಅವಳು ಯೋಚಿಸಿದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು, ಆ ಮಧ್ಯಾಹ್ನ ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗಕ್ಕೆ ನಕಲು ಕೈ ಮಾಡಿಸುತ್ತ ನಿಂತಾಗ. ಸ್ಪಿರೋನನ್ನೂ ಕರೆತಂದಿದ್ದಳು. ಅವನಿಗೆ ಅಡಿಲೇಡಿನಲ್ಲಿ ಒಬ್ಬಳು ಮಗಳಿದ್ದಳು. ಕೈ ನಡುಗುವುದು ಮಗಳಿಗೆ ಗೊತ್ತಾ ಎಂದು ವರ್ನಾ ಅವನನ್ನು ದಾರಿಯುದ್ದಕ್ಕೂ ಪೀಡಿಸಿದ್ದಳು.

ಅವನು ನನ್ನ ಅಂಗಡಿಯ ಫೋನಿನಿಂದಲೇ ಅಡಿಲೇಡಿಗೆ ಕರೆ ಮಾಡಿದ. ಗ್ರೀಕಿನಲ್ಲಿ ಮಾತಾಡಿದ, ನನಗೇನೂ ಅರ್ಥವಾಗಲಿಲ್ಲ. ಮಾತಿನ ನಡುವೆ ಒಮ್ಮೆ ಗೋಡೆಯ ಕಡೆ ತಿರುಗಿ ನಿಂತ. ವರ್ನಾ ಅವನ ಕಡೆ ನೋಡದೆ ಬಣ್ಣದ ಡಬ್ಬಿಗಳ ಹೆಸರು ಓದುತ್ತಿದ್ದಳು.

ಭಾನುವಾರ ಮಗಳು ಬಂದಳು. ಅಷ್ಟು ದಿನವೂ ವರ್ನಾ ಅಲ್ಲೇ ಉಳಿದು, ಸಂಜೆಗಳಲ್ಲಿ ಅವನ ಮೀನು ಹೆಚ್ಚಿಕೊಟ್ಟಳು.