ರೊಟ್ಟಿಯ ಅಡಿಯ ಗೆರೆಗಳು

ಬೆಳಕು ಹರಿಯುವ ಮುಂಚೆ ಒಲೆ ಹಚ್ಚಬೇಕು. ಅತ್ತೆಗೆ ಬಿಸಿನೀರು, ಮಾತ್ರೆ. ಗಂಡನ ಅಂಗಿಗೆ ಇಸ್ತ್ರಿ, ಹೇಗೂ ಇಸ್ತ್ರಿಪೆಟ್ಟಿಗೆ ಕಾದಿರುತ್ತದಲ್ಲ ಎಂದು ಮೈದುನನ ಅಂಗಿಗೂ. ಮಕ್ಕಳ ಕಾಲುಚೀಲಗಳಿಗೆ ಜೋಡಿ ಹುಡುಕುವುದು. ತಿಂಗಳ ಮೊದಲ ಭಾನುವಾರವಾದರೆ ಇದರ ಮೇಲೆ ಇನ್ನಷ್ಟು: ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಮಡಿಸುವುದು, ಪುಟ್ಟ ಗಾಜಿನ ಲೋಟಗಳನ್ನು ಒರೆಸಿ ಬುಟ್ಟಿಗಿಡುವುದು, ರೊಟ್ಟಿ ಬೇಯಿಸುವುದು. ಇಷ್ಟನ್ನೂ ಮಾಡುವವಳು ಮನೆಯ ಹಿರಿಸೊಸೆ. ಚರ್ಚಿನ ಸಭೆಯವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ. ಹಾಗೆ ಕರೆದುಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಆ ರೊಟ್ಟಿಯಲ್ಲೊಂದು ಗುಟ್ಟಿದೆ. ಹುಳಿ ಬರಿಸದ ಗೋಧಿಹಿಟ್ಟಿನ ದಪ್ಪ ರೊಟ್ಟಿ ಅದು, ಬೆಂದ ಮೇಲೆ ಹಲಗೆಯಷ್ಟು ಬಿರುಸು. ಓವನ್ನಿಗೆ ಹಾಕುವ ಮುಂಚೆ ಅಡಿಭಾಗಕ್ಕೆ ಚಾಕುವಿನಿಂದ ಆಳವಾಗಿ ಗೆರೆ ಎಳೆಯಬೇಕು. ಆಗ ಸಭಾಪಾಲಕರಾದ ಅಯ್ಯನವರು ಎಲ್ಲರೆದುರು ಎತ್ತಿ ಮುರಿದರೆ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. "ಅಯ್ಯನವರ ಕೈಗುಣ!" ಎಂದು ಜನ ತಲೆದೂಗುತ್ತಾರೆ. ಗೆರೆ ಎಳೆಯುವುದನ್ನು ಕಲಿಸಿದವರು ಅತ್ತೆ. "ಬಾಯಿ ಬಿಟ್ಟೀಯ ಕಣೇ, ಗಂಡಸರ ಮರ್ಯಾದೆ ಪ್ರಶ್ನೆ" ಎಂದು ನಕ್ಕಿದ್ದರು.

ರೊಟ್ಟಿ ಮುರಿಯುವುದನ್ನು ದೊಡ್ಡಕ್ಕ ಕಣ್ಣಾರೆ ಕಂಡದ್ದು ಮಾತ್ರ ಅಪರೂಪ. ಸಭೆಗೆ ಸಾಲುವಷ್ಟು ಲೋಟಗಳಿಲ್ಲ. ಮುಂದಿನ ಬೆಂಚುಗಳವರು ಕುಡಿದಿಟ್ಟ ಲೋಟಗಳನ್ನು ಹಿಂದಿನ ಕೋಣೆಯಲ್ಲಿ ತೊಳೆದು, ಒರೆಸಿ, ಹಿಂದಿನ ಬೆಂಚುಗಳವರಿಗೆ ಕಳಿಸಬೇಕು. ನಲ್ಲಿಯ ಸದ್ದಿನಲ್ಲಿ ಅವಳಿಗೆ ಪ್ರಾರ್ಥನೆ ತುಂಡುತುಂಡಾಗಿ ಕೇಳಿಸುತ್ತದೆ. ಕೊನೆಗೆ ಯಾರೋ ಅವಳ ಪಾಲಿನ ಚೂರನ್ನು ತಟ್ಟೆಯಲ್ಲಿ ತಂದಿಡುತ್ತಾರೆ. ಒದ್ದೆ ಕೈಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ದೇವರ ಕಣ್ಣು ಹಿಂದಿನ ಕೋಣೆಯ ಮೇಲೂ ಇರುತ್ತದೆ ಎಂಬುದೇ ಅವಳ ವಿಶ್ವಾಸವಾಗಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಿರಲಿಲ್ಲ.

ಕೇಳುವ ಆಸೆ ಹುಟ್ಟಿದ್ದು ಈ ವರ್ಷ. ಇನ್ನು ಮುಂದೆ ಹೆಂಗಸರೂ ಪ್ರಭುವಿನ ಮೇಜಿನ ಬಳಿ ನಿಂತು ರೊಟ್ಟಿ ಮುರಿದು ಹಂಚಬಹುದು ಎಂಬ ಮಾತು ಸಭೆಯಲ್ಲಿ ಎದ್ದಿತು. ದೊಡ್ಡ ಗಲಾಟೆಯಾಯಿತು. "ಇವರು ಅಲ್ಲಿ ನಿಂತರೆ ನಾವೇನು ಸೌಟು ಹಿಡೀಬೇಕಾ?" ಎಂದು ಸಭೆಯ ಹಿರಿಯರೊಬ್ಬರು ಕೂಗಾಡಿದರು. "ಹಿಡೀರಿ, ಕೈ ಸವೆಯಲ್ಲ" ಎಂದಳು ಹಿಂದಿನ ಸಾಲಿನ ದರ್ಜಿ ಹೆಂಗಸು. ನಗು, ಮುನಿಸು ಎಲ್ಲ ಮುಗಿದು, ಕೊನೆಗೂ ಒಪ್ಪಿಗೆ ಸಿಕ್ಕಿತು. ತನ್ನನ್ನೇ ಕರೆಯುತ್ತಾರೆಂದು ದೊಡ್ಡಕ್ಕ ಎಣಿಸಿದಳು. ಇನ್ನಾರನ್ನು ಕರೆದಾರು?

ಕರೆದದ್ದು ಅವಳ ಓರಗಿತ್ತಿಯನ್ನು. ಮೈದುನನ ಹೆಂಡತಿ, ಶಾಲೆಯ ಟೀಚರು, ಬಿಸಿಲು ಕಿಟಕಿ ದಾಟಿದ ಮೇಲೆ ಏಳುವವಳು. ಮಾತು ಚೆಂದ, ನಿಲುವು ಚೆಂದ. ಅಯ್ಯನವರು ಬಾಗಿಲ ಬಳಿ ದೊಡ್ಡಕ್ಕನನ್ನು ನಿಲ್ಲಿಸಿ, "ನೀವು ಹಿಂದೆ ಇದ್ದೇ ಇರ್ತೀರಲ್ಲಮ್ಮ, ಅದೇ ನಮಗೆ ಧೈರ್ಯ" ಎಂದರು.

ಅಂದಿನಿಂದ ಅವಳ ಒಳಗೆ ಬೆಂಕಿ. ಓರಗಿತ್ತಿ ಕನ್ನಡಿಯ ಮುಂದೆ ಕೈ ಎತ್ತಿ ಅಭ್ಯಾಸ ಮಾಡುತ್ತಿದ್ದರೆ ಇವಳು ಪಾತ್ರೆಯನ್ನು ಬೇಕೆಂದೇ ಕುಕ್ಕುತ್ತಿದ್ದಳು.

"ಅಕ್ಕಾ, ರೊಟ್ಟೀನ ಎಲ್ಲಿ ಹಿಡಿದು ಮುರೀಬೇಕು?"

"ನನ್ನನ್ನೇನು ಕೇಳ್ತೀಯಮ್ಮ? ನಾನು ಯಾವತ್ತಾದ್ರೂ ಮುರಿದಿದ್ದೀನಾ?"

ಗಂಡ ಪೇಪರಿನ ಮರೆಯಿಂದ ನಕ್ಕ. "ಏನೇ, ಹೊಟ್ಟೆಕಿಚ್ಚಾ?"

"ಒಲೆ ಕಿಚ್ಚು ನೋಡ್ಕೊಳ್ಳೋಕೇ ಪುರುಸೊತ್ತಿಲ್ಲ, ಹೊಟ್ಟೇದನ್ನ ಯಾರು ನೋಡ್ತಾರೆ ರೀ? ಮೊದಲು ಆ ತಟ್ಟೆ ಎತ್ತಿಡಿ."

ಗಂಡ ತಟ್ಟೆ ಎತ್ತಿಡಲಿಲ್ಲ, ನಗು ಮಾತ್ರ ನಿಲ್ಲಿಸಿದ.

ಆ ಭಾನುವಾರ ಬಂತು. ನಸುಕಿನಲ್ಲಿ ದೊಡ್ಡಕ್ಕ ಹಿಟ್ಟು ನಾದಿದಳು, ತಟ್ಟಿದಳು, ಅಡಿ ಮೇಲಾಗುವಂತೆ ಮಗುಚಿದಳು. ಚಾಕು ಕೈಯಲ್ಲೇ ನಿಂತಿತು. ಗೆರೆ ಎಳೆಯದಿದ್ದರೆ? ತುಂಬಿದ ಸಭೆಯೆದುರು ಆ ಚೆಂದದ ಬೆರಳುಗಳು ರೊಟ್ಟಿಯೊಡನೆ ಗುದ್ದಾಡುವುದು ಕಣ್ಣಿಗೆ ಕಟ್ಟಿತು. 'ಹೆಂಗಸರ ಕೈಲಿ ಏನಾಗುತ್ತೆ' ಎಂದು ಆ ಹಿರಿಯರು ಮೀಸೆಯಡಿ ನಗುವುದೂ ಕಂಡಿತು. ಮೊದಲನೆಯದು ಸಿಹಿಯಾಗಿತ್ತು. ಎರಡನೆಯದು ಕಹಿ.

ಆಗಲೇ ಓರಗಿತ್ತಿ ಅಡುಗೆಮನೆಗೆ ಬಂದಳು. ತಲೆ ಬಾಚಿರಲಿಲ್ಲ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

"ಅಕ್ಕಾ, ನಾನು ನಿನ್ನ ಹೆಸರೇ ಹೇಳಿದ್ದೆ, ಗೊತ್ತಾ? ಸಭೆಯವರು ಅಂದ್ರು, ದೊಡ್ಡಕ್ಕ ಮುಂದೆ ಬಂದ್ರೆ ಲೋಟ ತೊಳೆಯೋರು ಯಾರು ಅಂತ."

"ನೀನೇನಂದೆ?"

"ಏನನ್ನಲಿ... ಒಪ್ಕೊಂಡೆ."

"ಹೂಂ. ಹೋಗು, ತಲೆ ಬಾಚ್ಕೋ."

ಅವಳು ಹೋದಳು. ದೊಡ್ಡಕ್ಕನ ಹೊಟ್ಟೆಯ ಕಿಚ್ಚು ತಣ್ಣಗಾಗಲಿಲ್ಲ, ಇಮ್ಮಡಿಯಾಯಿತು. ಒಳ್ಳೆಯವಳೆನಿಸಿಕೊಳ್ಳುವ ಭಾಗ್ಯವೂ ಅವಳದೇ ಆಯಿತಲ್ಲ! ಆದರೆ ಲೋಟದ ಮಾತು ಎಲ್ಲಕ್ಕಿಂತ ಒಳಗೆ ಹೋಗಿ ನಾಟಿತ್ತು. ಇಷ್ಟು ವರ್ಷ ದೇವರು ತನ್ನನ್ನು ಅಲ್ಲಿ ಇಟ್ಟಿದ್ದಾನೆಂದು ನಂಬಿದ್ದಳು. ಇಟ್ಟದ್ದು ದೇವರಲ್ಲ, ಲೋಟಗಳ ಕೊರತೆ. ನಾಲ್ಕು ಡಜನ್ ಕೊಂಡು ತರುವುದಕ್ಕಿಂತ ದೊಡ್ಡಕ್ಕನೇ ಸುಲಭ.

ಅವಳು ಚಾಕು ಒತ್ತಿ ಗೆರೆ ಎಳೆದಳು, ಅಯ್ಯನವರಿಗೆ ಎಳೆಯುತ್ತಿದ್ದಷ್ಟೇ ಆಳಕ್ಕೆ. ಪ್ರೀತಿಯಿಂದಲ್ಲ. ಆ ಮೀಸೆಯಡಿಯ ನಗುವಿಗೆ ತನ್ನ ಹಿಟ್ಟಿನಿಂದ ಊಟ ಬಡಿಸಲು ಮನಸ್ಸಾಗಲಿಲ್ಲ, ಅಷ್ಟೆ.

ಆರಾಧನೆ ಶುರುವಾಗುವ ಮುಂಚೆ ಮೇಜಿಗೆ ಬಟ್ಟೆ ಹಾಸಿ ರೊಟ್ಟಿಯಿಟ್ಟಳು, ಲೋಟ ತುಂಬಿದಳು. ಎಡಗಡೆ ಹಿಂದಿನ ಕೋಣೆಯ ಬಾಗಿಲು ಎಂದಿನಂತೆ ತೆರೆದಿತ್ತು. ಒಳಗೆ ಬೋಗುಣಿ, ಸೋಪು, ಒಣಬಟ್ಟೆ. ಅವಳು ಆ ಬಾಗಿಲನ್ನು ಎಳೆದು ಮುಚ್ಚಿ, ಮುಂದಿನ ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದವರು ಕಣ್ಣರಳಿಸಿ ಸ್ವಲ್ಪ ಸರಿದುಕೊಂಡರು.

ಓರಗಿತ್ತಿ ರೊಟ್ಟಿ ಎತ್ತಿ ಮುರಿದಳು. ಸಲೀಸಾಗಿ ಬಿಚ್ಚಿಕೊಂಡಿತು. ಸಭೆಯ ಮೆಚ್ಚುಗೆಯ ಉಸಿರು ದೊಡ್ಡಕ್ಕನ ಕಿವಿಗೆ ಬಿಸಿಯಾಗಿ ತಾಗಿತು. ಹೊಟ್ಟೆ ಉರಿಯಿತು. ಆದರೂ ಸಾಲಿನಲ್ಲಿ ಎದ್ದು ಹೋಗಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಒಣ ಅಂಗೈಗಳನ್ನು ಚಾಚಿ, ಅವಳ ಕೈಯಿಂದಲೇ ಚೂರನ್ನು ಪಡೆದಳು. ಬಾಯಲ್ಲಿ ಅದು ಕರಗಲು ಹೊತ್ತು ಹಿಡಿಯಿತು.

ಖಾಲಿ ಲೋಟಗಳ ತಟ್ಟೆ ಹಿಡಿದ ಆ ಹಿರಿಯರು ಮುಚ್ಚಿದ ಬಾಗಿಲ ಮುಂದೆ ನಿಂತು ಅತ್ತಿತ್ತ ನೋಡಿದರು. ಹಿಂದಿನ ಬೆಂಚುಗಳವರು ಎದ್ದು ಕಾಯುತ್ತಿದ್ದರು. ಹಿರಿಯರ ಕಣ್ಣು ದೊಡ್ಡಕ್ಕನನ್ನು ಹುಡುಕಿ ಹಿಡಿಯಿತು. ಹುಬ್ಬು ಮೇಲೇರಿತು, ಗದ್ದ ಬಾಗಿಲ ಕಡೆ ತಿರುಗಿತು. ಅಭ್ಯಾಸಕ್ಕೆ ಅವಳ ಮೊಣಕಾಲು ಎದ್ದೇಬಿಟ್ಟಿತ್ತು.

ಇದು ವಿಶ್ವಾಸವೋ ಹೊಟ್ಟೆಕಿಚ್ಚೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ದೇವರಿಗೆ ಬೇಕಾದರೆ ಬೇರ್ಪಡಿಸಿಕೊಳ್ಳಲಿ. ಅವಳು ಮೊಣಕಾಲನ್ನು ಕೈಯಿಂದ ಒತ್ತಿ ಕೆಳಗಿಳಿಸಿದಳು, ಕಣ್ಣು ಮುಚ್ಚಿದಳು, ಯಾರೂ ಹೇಳಿಕೊಡದ ಮಾತುಗಳಲ್ಲಿ ತನಗಾಗಿ ಪ್ರಾರ್ಥಿಸಲು ತೊಡಗಿದಳು.