ಕೊಟ್ಟಿಗೆ ಬಿಟ್ಟುಹೋದ ಕಾರು

ಆ ಕಾರು ನನ್ನ ಹೆಸರಿನಲ್ಲಿತ್ತು. ನೆನೆಸಿಕೊಂಡರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ದೊಡ್ಡನೆಕ್ಕುಂದಿಯಲ್ಲಿ ನಮಗಿದ್ದ ರಾಗಿ ಹೊಲ ರಸ್ತೆಗೆ ಹೋದಾಗ ಪರಿಹಾರ ನನ್ನ ಹೆಸರಿಗೆ ಬಂತು. ನನ್ನ ಗಂಡ ಅಷ್ಟರಲ್ಲಿ ತೀರಿಹೋಗಿದ್ದರು. ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದೆವು. ಮಿಕ್ಕಿದ್ದರಲ್ಲಿ ಮಗ ಕಾರು ತಂದ. ದುಡ್ಡು ಯಾರದೋ, ಗಾಡಿಯೂ ಅವರ ಹೆಸರಲ್ಲೇ ಇರಲಿ ಎಂದು ಯಾರೋ ಅವನ ಕಿವಿ ಊದಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಸಹಿಯನ್ನು ಅವನು ತೋರಿಸಿದ ಕಡೆ ಹಾಕಿದೆ.

ತಂದಾಗ ಅದು ಕಾರಿನ ಹಾಗೆಯೇ ಇತ್ತು. ಬಿಳೀ ಬಣ್ಣ, ಮನೆಮಂದಿ ಕೂತು ಹೋಗುವಂಥದ್ದು. ಆಮೇಲೆ ಇವನಿಗೆ ಮಾಡಿಫೈ ಹುಚ್ಚು ಹಿಡಿಯಿತು. ಕಾರನ್ನು ನೆಲಕ್ಕೆ ಇಳಿಸಿದ. ಬೆನ್ನ ಮೇಲೆ ಒಂದು ರೆಕ್ಕೆ ಕೂರಿಸಿದ. ಬಕೆಟ್ಟಿನ ಬಾಯಿಯಷ್ಟು ದೊಡ್ಡ ಸೈಲೆನ್ಸರ್ ಹಾಕಿಸಿದ. ಇಂಜಿನ್ ಬಿಚ್ಚಿಸಿ ಅದರೊಳಗೂ ಏನೇನೋ ತುರುಕಿಸಿದ. ಒಂದು ದಿನ ಹಿಂದಿನ ಸೀಟನ್ನೇ ಕಿತ್ತು ತಂದು ಜಗುಲಿಯ ಮೇಲೆ ಒಗೆದ.

"ಯಾಕ್ಲಾ, ನಾನೆಲ್ಲಿ ಕೂತ್ಕಳ್ಳಾದು?" ಎಂದೆ.

"ಅಮ್ಮ, ಗಾಡಿ ವೆಯ್ಟ್ ಕಮ್ಮಿ ಆಗ್ಬೇಕು. ಸ್ಪೀಡ್ ಬರ್ತದೆ."

"ಅಂಗಾದ್ರೆ ನೀನಿಳ್ಕೋ. ಅದ್ರಲ್ಲಿರೋದ್ರಲ್ಲಿ ನೀನೇ ದಪ್ಪ."

ಸೊಸೆ ಒಳಗೆ ನಕ್ಕಿದ್ದು ಕೇಳಿಸಿತು. ಅವನು ನಗಲಿಲ್ಲ. ಆ ಸೀಟು ಜಗುಲಿಯ ಮೇಲೇ ಉಳಿಯಿತು. ಅದರ ಮೇಲೆ ಕೂತು ನಾನು ಅವರೆಕಾಯಿ ಸುಲಿಯುತ್ತಿದ್ದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬೀದಿಯಲ್ಲಿ ನಿಲ್ಲಿಸಿದರೆ ಬಾಡಿಗೆಯವರ ಬೈಕು ತಾಗಿ ಗೀರು ಬೀಳುತ್ತದೆ ಎಂದು ಅವನ ಕಣ್ಣು ನನ್ನ ಕೊಟ್ಟಿಗೆಯ ಮೇಲೆ ಬಿತ್ತು. ಗೋದಲಿ ಒಡೆಸಿದ. ಚಪ್ಪಡಿ ಕಲ್ಲು ಕೀಳಿಸಿದ. ನಮ್ಮ ಅಡುಗೆಮನೆಗೂ ಇಲ್ಲದ ಬಿಳಿ ಟೈಲ್ಸ್ ಹಾಕಿಸಿ, ಸೂರಿಗೆ ನೀಲಿ ಲೈಟು ಕಟ್ಟಿಸಿದ. ಇದ್ದ ಒಂದು ಹಸುವನ್ನು ನಾನು ಹೊಸಕೋಟೆ ಕಡೆಯ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದೆ. ಅಂದಿನಿಂದ ಪ್ಯಾಕೆಟ್ ಹಾಲು. ಅದರ ಮೇಲೆ ಕೆನೆಯೂ ಕಟ್ಟುವುದಿಲ್ಲ, ಗಿನೆಯೂ ಕಟ್ಟುವುದಿಲ್ಲ.

ಒಂದು ಸಲ ಟ್ರಾಫಿಕ್ ಪೊಲೀಸರು ಮನೆ ಹುಡುಕಿಕೊಂಡು ಬಂದರು. ರಾತ್ರಿ ರಿಂಗ್ ರೋಡಿನಲ್ಲಿ ಯಾರೋ ಸದ್ದು ಮಾಡಿಕೊಂಡು ಓಡಿಸಿದ್ದಾರೆ, ಗಾಡಿಯ ಓನರ್ ಬರಬೇಕು ಎಂದರು. ಪೊರಕೆ ಕೈಯಲ್ಲಿ ಹಿಡಿದು ನಾನು ಬಾಗಿಲಿಗೆ ಬಂದೆ. ಪೇದೆ ನನ್ನನ್ನು ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ.

"ಅಜ್ಜಿ, ರೇಸ್ ಓಡ್ಸಿದ್ದು ನೀವೇನಾ?" ಎಂದ. ಜೊತೆಗಿದ್ದವನು ಗೋಡೆ ಕಡೆ ತಿರುಗಿ ನಕ್ಕ. ಮಗ ಹಿತ್ತಲಲ್ಲಿ ಅಡಗಿ ಕೂತಿದ್ದ. ಇಂಥವನನ್ನು ಹೆತ್ತೆನಲ್ಲ ಎಂದು ಹೇಸಿಗೆಯಾಯಿತು.

ಹೀಗೆ ಎಷ್ಟೋ ವರ್ಷ ನಡೆಯಿತು. ಕೊನೆಗೆ ತಂಗಿಯ ಫೋನು ಬಂತು. ಅವಳಿಗೆ ಮಂಡಿ ನೋವು, ಹಸು ಕಟ್ಟುವುದು ಇನ್ನು ಆಗುವುದಿಲ್ಲ.

"ನಿನ್ನ ಅಸಿನ ಮಗಳು ಗಬ್ಬ ಐತೆ ಕಣಕ್ಕ. ದಿನ ತುಂಬ್ತಾ ಬಂದೈತೆ. ಕರು ಆಕೋ ಮುಂಚೆ ಬಂದು ಒಡ್ಕೊಂಡೋಗು. ಇಲ್ಲಾಂದ್ರೆ ದಲ್ಲಾಳಿಗೆ ಕೊಟ್ಬುಡ್ತೀನಿ."

ದಲ್ಲಾಳಿಯ ಕೈಗೆ ಹೋದ ಹಸು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಆ ತಳಿ ನನ್ನ ಅತ್ತೆಯ ಕಾಲದಿಂದ ನಮ್ಮ ಮನೆಯದು. ಮಗನಿಗೆ ಹೇಳಿದೆ, ಕಾರು ಮಾರು, ಕೊಟ್ಟಿಗೆ ಬಿಡು. ಅವನು ಆಯ್ತಮ್ಮ ಎಂದ. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಂಪ್ಯೂಟರಿನಲ್ಲಿ ಫೋಟೋ ಹಾಕಿದ. ಭಾನುವಾರ ಬಂದರೆ ಜನ. ಬಂದವರೆಲ್ಲ ಮೊದಲು ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯ ಕೆಳಗೆ ಇಣುಕುತ್ತಿದ್ದರು. ಆಮೇಲೆ ಸವರುತ್ತಿದ್ದರು. ಆಮೇಲೆ ಒಂದು ಸಲ ಸೌಂಡ್ ಕೊಡಿ ಎನ್ನುತ್ತಿದ್ದರು. ಅದು ಹೂಂಕರಿಸಿ ಹೊಗೆ ಕಾರಿದರೆ, ಆ ಹೊಗೆಯನ್ನು ಮೂಗೆತ್ತಿ ಎಳೆದುಕೊಳ್ಳುತ್ತಿದ್ದರು. ದೇವರ ಮುಂದೆ ಧೂಪ ಹಾಕಿದಾಗಲೂ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಒಳಗೆ ಮೊಮ್ಮಗು ಬೆಚ್ಚಿ ಕಿರುಚುತ್ತಿತ್ತು. ಎಲ್ಲ ಮುಗಿದ ಮೇಲೆ ಫೋಟೋ ಹೊಡೆದುಕೊಂಡು ಹೋಗಿಬಿಡುತ್ತಿದ್ದರು. ಕೊಳ್ಳುವವರು ಯಾರೂ ಇಲ್ಲ.

ಒಂದು ಭಾನುವಾರ ಜಗುಲಿಯಲ್ಲಿ ಕೂತು ಕಿವಿಗೊಟ್ಟೆ. ಬಂದವನು ಮರ್ಯಾದಸ್ಥನ ಹಾಗಿದ್ದ.

"ಮೈಲೇಜ್ ಎಷ್ಟು ಬರತ್ತೆ ಬ್ರೋ?"

"ಮೈಲೇಜ್ ಕೇಳೋರಿಗೆ ಈ ಗಾಡಿ ಕೊಡಲ್ಲ ಗುರು," ಎಂದ ನನ್ನ ಮಗ, ಕಾರಿನ ಮೇಲೆ ಹೊದಿಕೆ ಎಳೆದೇಬಿಟ್ಟ.

ಆಗ ತಿಳಿಯಿತು. ಇವನು ಮಾರುತ್ತಿರಲಿಲ್ಲ, ಹೆಣ್ಣು ಕೊಡುವ ಮನೆಯವನ ಹಾಗೆ ಗಂಡು ನೋಡುತ್ತಿದ್ದ. ಒಬ್ಬ ಬಣ್ಣ ಬದಲಿಸುತ್ತೇನೆ ಅಂದನಂತೆ, ಬೇಡ. ಇನ್ನೊಬ್ಬನಿಗೆ ಗೇರ್ ಹಾಕುವ ಕೈ ಸರಿಯಿಲ್ಲವಂತೆ, ಬೇಡ. ಸಂಜೆ ಹೋಗಿ ನೋಡಿದರೆ ತನ್ನ ಅಪ್ಪನ ಪಂಚೆ ಹರಿದು ಅದರ ಮೈ ಒರೆಸುತ್ತಿದ್ದಾನೆ. ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದವನು ಬಾನೆಟ್ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಥೂ ಎಂದು ಬಂದುಬಿಟ್ಟೆ.

ಮುಂದಿನ ವಾರ ಅವನು ಮಾವನ ಕಡೆಯವರ ಬೀಗರೂಟಕ್ಕೆ ಹೋಗಿದ್ದ. ಬ್ರೂಕ್‌ಫೀಲ್ಡ್‌ನಿಂದ ಒಬ್ಬ ಬಂದ. ಕುರುಚಲು ಗಡ್ಡ, ಕೊರಳಲ್ಲಿ ಕಂಪನಿ ಪಟ್ಟಿ ಭಾನುವಾರವೂ ನೇತಾಡುತ್ತಿತ್ತು.

"ಅಜ್ಜಿ, ಗಾಡಿ ನೋಡ್ಬೋದಾ?"

ಇವನಿಗೆ ಎಲ್ಲ ಹೇಳಿಬಿಡುವುದು ಅಂದುಕೊಂಡೆ. ಮುಚ್ಚಿಟ್ಟು ಮಾರಿದರೆ ನಾಳೆ ತಂದು ವಾಪಸ್ಸು ನಿಲ್ಲಿಸುತ್ತಾನೆ. ಆಗ ನನ್ನ ಹಸು ಎಲ್ಲಿಗೆ ಹೋಗಬೇಕು?

"ನೋಡಪ್ಪ, ಮೊದ್ಲೇ ಯೋಳ್ತೀನಿ. ಇದು ಸ್ಟಾರ್ಟ್ ಆದ್ರೆ ಅಟ್ಟದ್ ಮೇಲಿನ್ ಪಾತ್ರೆ ಎಲ್ಲಾ ಅಲ್ಲಾಡ್ತವೆ."

"ಹೌದಾ ಅಜ್ಜಿ?" ಅವನ ಮುಖ ಅರಳಿತು.

"ಇಂದ್ಗಡೆ ಬೀದಿ ನಾಯಿಗಳೂ ಬೊಗಳ್ತವೆ. ಪೆಟ್ರೋಲು ನೀರ್ ಕುಡ್ದಂಗೆ ಕುಡೀತದೆ. ಒಂದ್ಸಲ ಮುಂದ್ಗಡೆ ಕೂತು ಎಲೆಕ್ಟ್ರಾನಿಕ್ ಸಿಟಿಗೋಗಿ ಬಂದೆ, ವಾರ ಸೊಂಟ ಎತ್ತಕ್ಕಾಗ್ಲಿಲ್ಲ."

"ಸಸ್ಪೆನ್ಷನ್ ಅಷ್ಟು ಸ್ಟಿಫ್ ಮಾಡ್ಸಿದಾರಾ! ಸಕ್ಕತ್!"

"ಪೊಲೀಸ್ನೋರು ಬೇರೆ ಮನೆಗ್ ಬರ್ತಾರೆ."

"ಎಷ್ಟು ಸಲ ಬಂದಿದ್ರು ಅಜ್ಜಿ?" ಮೊಮ್ಮಕ್ಕಳಿಗೆ ಶಾಲೆಯಲ್ಲಿ ಎಷ್ಟು ಬಹುಮಾನ ಬಂತು ಎಂದು ಕೇಳುವ ಹಾಗೆ ಕೇಳಿದ.

ನಾನು ಬೈದಷ್ಟೂ ಅವನಿಗೆ ಆಸೆ ಹೆಚ್ಚುತ್ತಿತ್ತು. ಓದಿದವನು, ದೊಡ್ಡ ಕೆಲಸದವನು, ಅವನ ತಲೆಯಲ್ಲೂ ಇದೇ ಕಸವೇ ಎಂದು ವಾಕರಿಕೆ ಬಂತು. ಕೊನೆಗೆ ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟು ಡೀಟೈಲಾಗಿ ಯಾರೂ ಹೇಳಿರ್ಲಿಲ್ಲ ಅಜ್ಜಿ, ನಾನೇ ತಗೋತೀನಿ," ಎಂದ.

ಮಗನಿಗೆ ಫೋನು ಮಾಡಿಸಿದೆ. ಮೂಳೆ ಸಾರಿನ ಘಾಟು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದ.

"ಯಾರ್ನ ಕೇಳಿ ಮಾತ್ ಕೊಟ್ಟೆ ಅಮ್ಮ? ಗಾಡಿ ನಂದು!"

"ಯಾರ ಎಸ್ರಲ್ಲೈತೆ?"

"ಎಸ್ರು ಬಿಡು, ಓಡ್ಸಿದ್ದು ನಾನು."

"ಪೊಲೀಸ್ನೋರು ಬಂದಾಗ ನಂದು, ಮಾರೋವಾಗ ನಿಂದಾ? ಅವತ್ತು ಇತ್ಲಲ್ಲಿ ಕೂತಿದ್ದೋನು ಇವತ್ತೂ ಅಲ್ಲೇ ಓಗಿ ಕೂತ್ಕೋ."

ಕೊಳ್ಳುವವನು ತನ್ನ ಬೂಟು ನೋಡಿಕೊಳ್ಳುತ್ತಾ ನಿಂತಿದ್ದ. ಮಾರಾಟದ ಕಾಗದ ಬಂದ ದಿನ ನಾನೇ ಸಹಿ ಹಾಕಿದೆ. ಜಗುಲಿಯ ಸೀಟನ್ನೂ ತೆಗೆದುಕೊಂಡು ಹೋಗಪ್ಪ ಎಂದೆ.

ಕಾರು ಹೊರಡುವ ದಿನ ಇನ್ನೊಂದು ಅವತಾರ. ನಮ್ಮ ಬೀದಿಗೆ ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾರೆ. ರಸ್ತೆ ಮೇಲೇರುತ್ತದೆ, ಮನೆಗಳು ಕೆಳಗೆ ಉಳಿಯುತ್ತವೆ. ಕೊನೆಯ ಸಲ ಹಾಕಿದಾಗ ಕಾರು ಒಳಗೆ ನಿಂತಿತ್ತು, ಆಮೇಲೆ ಹೊರಗೆ ತೆಗೆದಿರಲಿಲ್ಲ. ಈಗ ಅದರ ಮೂತಿ ರಸ್ತೆಯ ಅಂಚಿಗೆ ಬಡಿದು ನಿಂತುಬಿಟ್ಟಿತು. ಮುಂದೆ ಹೋಗದು.

"ರೋಡ್ ಸರಿ ಮಾಡ್ಸಿದ್ಮೇಲೆ ನೋಡಾಣ ಬಿಡಮ್ಮ," ಎಂದ ಮಗ. ಮುಖದಲ್ಲಿ ಹಬ್ಬ.

ಅಷ್ಟರಲ್ಲಿ ಹಸು ಎಲ್ಲಿ ಕರು ಹಾಕಬೇಕು? ಹಿಂದಿನ ರೂಮುಗಳಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಗಾರೆ ಕೆಲಸದವರನ್ನು ಕೂಗಿದೆ. ಸೆಂಟ್ರಿಂಗ್ ಹಲಗೆ ಹೊತ್ತುಕೊಂಡು ಬಂದರು. ಸುತ್ತ ನಿಂತು ಕೈ ಹಾಕಿ, ಮೂತಿಯನ್ನು ಎತ್ತಿಯೇಬಿಟ್ಟರು.

"ಬಂಪರ್! ಬಂಪರ್ ನೋಡ್ರೋ!" ಮಗ ಬಾಯಿ ಬಡಿದುಕೊಂಡ.

"ಯಾಕ್ರೀ ಅಣ್ಣಾರ, ಹೆರಿಗಿ ಮನ್ಯಾಗ ನಿಂತಂಗ ಒದರಾಕತ್ತೀರಿ?" ಎಂದ ಒಬ್ಬ. "ಹಗುರ ಐತಲ್ರೀ ಇದು. ನಮ್ಮೂರಾಗ ಬಂಡಿ ಇದಕ್ಕಿಂತ ಒಜ್ಜಿ ಇರ್ತೈತಿ."

ಹಗುರ ಮಾಡಲಿಕ್ಕೆಂದು ಅಷ್ಟು ವರ್ಷ ಒದ್ದಾಡಿದವನಿಗೆ ಆ ಮಾತು ಯಾಕೋ ಹಿಡಿಸಲಿಲ್ಲ. ಕಾರು ಹಲಗೆ ಹತ್ತಿ, ಅರಚಿಕೊಂಡು, ಬೀದಿ ತಿರುಗಿ ಹೋಯಿತು. ಮಗ ಪಂಚೆಯ ತುಂಡಿನಲ್ಲಿ ಕಣ್ಣೊರೆಸಿಕೊಂಡ. ಅವನಪ್ಪ ಸತ್ತಾಗ ಅವನ ಕಣ್ಣಲ್ಲಿ ಇಷ್ಟು ನೀರು ಕಂಡಿರಲಿಲ್ಲ.

ಆಮೇಲೆ ಖಾಲಿ ಕೊಟ್ಟಿಗೆಯಲ್ಲಿ ನಿಂತಾಗ ನನಗೆ ಹೊಳೆಯಿತು. ಆ ಟೈಲ್ಸ್ ಮೇಲೆ ಬರಿಗಾಲಿನ ನನಗೇ ಜಾರುತ್ತಿತ್ತು. ತುಂಬು ಗಬ್ಬದ ಹಸುವಿನ ಗೊರಸು ಅಲ್ಲಿ ನಿಲ್ಲುತ್ತದೆಯೇ?

"ಹಾರೆ ತಗೊಂಬಾ," ಎಂದೆ.

"ಅಮ್ಮ, ಅದು ಕಾಸ್ಟ್ಲಿ ಟೈಲ್ಸು."

"ಆಕ್ಸ್ದೋನು ನೀನು. ಒಡಿಯೋನೂ ನೀನೇ."

ಒಡೆದ. ಟೈಲ್ಸಿನ ಸಂದಿಯಲ್ಲಿ ಇಳಿದ ಆಯಿಲ್ ಮಣ್ಣಿನಲ್ಲಿ ಕಪ್ಪಾಗಿ ಕೂತಿತ್ತು. ಅದನ್ನೂ ಕೆರೆಸಿ, ಕೆಮ್ಮಣ್ಣು ತುಂಬಿಸಿ, ಬಡಿಸಿ, ಸಗಣಿ ಸಾರಿಸಿದೆ. ಟೆಂಪೋದಲ್ಲಿ ಹಸು ಬಂತು. ಬಾಗಿಲಲ್ಲಿ ನಿಂತು ಮೂಸಿತು, ಬುಸ್ ಎಂದು ಹಿಂದಕ್ಕೆ ಸರಿಯಿತು. ಆ ಆಯಿಲ್ ಗಬ್ಬು ಅದಕ್ಕೂ ಗೊತ್ತಾಗಿತ್ತು. ಹಸಿಹುಲ್ಲು ತೋರಿಸಿ, ಹಣೆ ನೇವರಿಸಿ, ಒಳಗೆ ಕರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಆ ವಾರವೇ ಕರು ಹಾಕಿತು. ಹೆಣ್ಣುಗರು.

ಮಗ ನೋಡಲಿಕ್ಕೆ ಬಂದ, ಮೂಗಿಗೆ ಕರವಸ್ತ್ರ ಹಿಡಿದು. ಪೆಟ್ರೋಲ್ ಹೊಗೆಯನ್ನು ಎದೆ ತುಂಬ ಎಳೆಯುತ್ತಿದ್ದ ಮೂಗು ಅದು. ಸ್ವಲ್ಪ ಹೊತ್ತು ಕರುವನ್ನೇ ನೋಡಿದ. ಆಮೇಲೆ ಸೂರು ನೋಡಿದ.

"ಅಮ್ಮ, ಆ ನೀಲಿ ಲೈಟು ಇನ್ನೂ ಐತೆ. ಆನ್ ಮಾಡ್ಲಾ? ಕರು ಸೂಪರಾಗ್ ಕಾಣ್ತದೆ."

ಸಗಣಿ ಮಂಕರಿಯನ್ನು ಅವನ ಕೈಗೆ ಕೊಟ್ಟು ತಿಪ್ಪೆ ಎಲ್ಲಿದೆ ಎಂದು ತೋರಿಸಿದೆ.